ಸಹಾಯ ಬೇಕು: ‘ತಿಥಿ’ ಸಿನಿಮಾ ಯಾವ ಪ್ರಕಾರಕ್ಕೆ ಸೇರುತ್ತೆ?

ಎಲ್ಲರಿಗೂ ನಮಸ್ಕಾರ. ಇಷ್ಟದ ಸಿನಿಮಾ ಒಂದರ ಶೈಲಿ, ಪ್ರಕಾರ, ವಸ್ತು ಬಗ್ಗೆ ಬರೆದು ತರಲು ಕಾಲೇಜಿನಲ್ಲಿ ಹೇಳಿದ್ದಾರೆ. ನಾನು ರಾಮ್ ರೆಡ್ಡಿ ಅವರ ‘ತಿಥಿ’ ಆರಿಸಿಕೊಂಡೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದಿತ್ತಲ್ವಾ, ಅದೇ. ಸುಮ್ನೆ ನಗುತ್ತಾ ನಾಲ್ಕು ಸಲ ನೋಡಿದ್ದೆ. ಬರೆಯಲು ಕೂತರೆ ಕೈ ಓಡುತ್ತಿಲ್ಲ.

ಶೈಲಿ ಹೇಗೋ ಬರೆದೆ. ನಟಿಸಿದವರು ಮಂಡ್ಯ ಕಡೆಯ ಹಳ್ಳಿಯವರೇ, ಮಾತೂ ಅಲ್ಲಿಯದೇ. ವಸ್ತು ಅಂದರೆ ಸಾವಿಗಿಂತ ಜಮೀನೇ ಜಾಸ್ತಿ ಅನ್ನಿಸುತ್ತೆ. ಜಮೀನು ಮಾರಲೆಂದು, ಅಪ್ಪ ಗಡ್ಡಪ್ಪ ಬದುಕಿರುವಾಗಲೇ ಮಗ ಅವನ ಸುಳ್ಳು ಮರಣ ಪ್ರಮಾಣಪತ್ರ ಮಾಡಿಸುತ್ತಾನಲ್ಲ!

ತೊಡಕಿರುವುದು ಪ್ರಕಾರದಲ್ಲಿ. ಮೊದಲಿಗೆ ಗಡ್ಡಪ್ಪನ ಅಪ್ಪ, ನೂರು ದಾಟಿದ ಸೆಂಚುರಿ ಗೌಡ ದಾರಿಯಲ್ಲಿ ಹೋಗೋರನ್ನೆಲ್ಲ ಬೈಯುತ್ತಾ ಕೂತಿರುತ್ತಾನೆ. ಮೂತ್ರಕ್ಕೆಂದು ಎದ್ದು ಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ನಾನಂತೂ ಜೋರಾಗಿ ನಕ್ಕಿದ್ದೆ. ಅದೇ ಸಿನಿಮಾದಲ್ಲಿ ಗಡ್ಡಪ್ಪ ರಾತ್ರಿ ಕುರಿಗಾಹಿಗಳ ಮುಂದೆ ತನ್ನ ಕಥೆ ಹೇಳುವಾಗ ಗಂಟಲು ಕಟ್ಟಿತು. ಹಾಸ್ಯ ಅನ್ನಲಾ, ವಿಡಂಬನೆ ಅನ್ನಲಾ? ಗೆಳೆಯ ‘ಡಾಕ್ಯುಮೆಂಟರಿ ಥರ ಇದೆ’ ಅಂತಾನೆ, ನನಗೆ ಒಪ್ಪಿಗೆಯಿಲ್ಲ. ಬರೆದ ಕಥೆ ತಾನೇ?

ಯಾವ ದೃಶ್ಯ ಹಿಡಿದು ವಾದ ಕಟ್ಟಲಿ, ಗೊತ್ತಿದ್ದವರು ಹೇಳಿ. ಸೋಮವಾರ ಕೊಡಬೇಕು.