ಸಂಪಿನಲ್ಲಿ ಎರಡು ಟ್ಯಾಂಕರ್ ನೀರು ಹಿಡಿಯುತ್ತಿಲ್ಲ, ಲೆಕ್ಕ ಎಲ್ಲಿ ತಪ್ಪಿದೆ?

ಜೋಳದರೊಟ್ಟಿ, ವಿಜಯಪುರ:
ನಮಸ್ಕಾರ ರೀ. ನಮ್ಮ ಮನೆ ಸಂಪು 9 ಅಡಿ ಉದ್ದ, 7 ಅಡಿ ಅಗಲ, 6 ಅಡಿ ಆಳ ಅಂತ ಗೌಂಡಿ ಹೇಳಿದ್ದರು. ಗುಣಿಸಿದರೆ 378 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್ ಹಿಡಿದರೆ ಸುಮಾರು 10,700 ಲೀಟರ್ ಆಯ್ತು. ಅಂದ್ರೆ 5,000 ಲೀಟರಿನ ಟ್ಯಾಂಕರ್ ಎರಡು ಆರಾಮಾಗಿ ಹಿಡಿಯಬೇಕು, ಅಲ್ವಾ? ಆದರೆ ಎರಡನೇದು ಅರ್ಧ ಖಾಲಿ ಆಗೋದರೊಳಗೆ ಓವರ್‌ಫ್ಲೋ ಪೈಪಿನಿಂದ ನೀರು ಅಂಗಳಕ್ಕೆ ಹರಿಯುತ್ತೆ. ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸಿದ ನೀರು ಹೀಗೆ ಹೋಗೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ಅಡಿಪಟ್ಟಿ, ಬಾಗಲಕೋಟೆ:
ಗೌಂಡಿ ಹೇಳಿದ್ದು ಹೊರಗಿನ ಅಳತೆ ಇರಬೇಕು ಸರ್. ಗೋಡೆ 6 ಇಂಚು ಅಂದ್ರೂ ಎರಡೂ ಬದಿ ಸೇರಿ ಉದ್ದದಲ್ಲಿ ಒಂದಡಿ, ಅಗಲದಲ್ಲಿ ಒಂದಡಿ ಹೋಯ್ತು. ಒಳಗೆ ಉಳಿಯೋದು 48 ಚದರ ಅಡಿ, 63 ಅಲ್ಲ. ನೀರು ಸ್ಲ್ಯಾಬಿನ ತನಕವೂ ನಿಲ್ಲಲ್ಲ, ಓವರ್‌ಫ್ಲೋ ಪೈಪಿನವರೆಗೆ ಅಷ್ಟೇ.

ಅಳೆಯೋಕೆ ಅಂತ ದಯವಿಟ್ಟು ಒಳಗೆ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಗಾಳಿ ಕೆಟ್ಟಿರುತ್ತೆ, ಇಳಿದವರು ಜೀವ ಕಳೆದುಕೊಂಡದ್ದಿದೆ. ಮೇಲಿಂದಲೇ ಗೊತ್ತಾಗುತ್ತೆ. ಮಾಳಿಗೆ ಮೇಲಿನ 1,000 ಲೀಟರ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಸಂಪಿನಲ್ಲಿ ಉದ್ದನೆ ಕೋಲು ನೆಟ್ಟಗೆ ಇಳಿಸಿ, ಎಲ್ಲಿವರೆಗೆ ಒದ್ದೆ ಆಯ್ತು ಅಂತ ಟೇಪಿನಿಂದ ಅಳೆಯಿರಿ. ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿ, ಮತ್ತೆ ಅಳೆಯಿರಿ. ಆ ಹೊತ್ತಿಗೆ ನಳ ಬಂದಿರಬಾರದು, ಮನೆಯಲ್ಲಿ ಯಾರೂ ನೀರು ಬಳಸಬಾರದು. ಒಳಗೆ 48 ಚದರ ಅಡಿ ಇದ್ದರೆ ನೀರು 9 ಇಂಚಿನ ಹತ್ತಿರ ಇಳಿಯುತ್ತೆ. 63 ಇದ್ದರೆ 7 ಇಂಚೂ ಇಳಿಯಲ್ಲ.

ಆಲಮಟ್ಟಿಯಲ್ಲೂ ನೋಡೋದು ಮಟ್ಟವನ್ನೇ. 519.60 ಮೀಟರ್ ಅಂದ್ರೆ ಜಲಾಶಯ ತುಂಬಿತು, ಸುಮಾರು 123 ಟಿಎಂಸಿ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಅಲ್ಲಿ ಮೇಲೆ ಹೋದಂತೆ ಹರವು ಜಾಸ್ತಿ ಆಗುತ್ತೆ, ಹಾಗಾಗಿ ಒಂದೊಂದು ಮೀಟರಿಗೂ ಬೇರೆ ಲೆಕ್ಕ. ನಿಮ್ಮ ಗೋಡೆ ನೆಟ್ಟಗಿದೆ, ಎಲ್ಲ ಇಂಚಿಗೂ ಒಂದೇ.

ಜೋಳದರೊಟ್ಟಿ:
ಸರಿಯಾಗಿ ಹೇಳಿದ್ರಿ ಸರ್, ಹೆಚ್ಚೂಕಮ್ಮಿ 9 ಇಂಚು ಇಳಿಯಿತು. ಓವರ್‌ಫ್ಲೋ ಪೈಪು ತಳದಿಂದ 66 ಇಂಚಿಗಿದೆ. ಹಾಗಾದರೆ ಟ್ಯಾಂಕರ್ ಯಾವಾಗ ತರಿಸಲಿ?

ಅಡಿಪಟ್ಟಿ:
48 ಚದರ ಅಡಿಯಲ್ಲಿ ಒಂದು ಇಂಚು ನೀರು ಅಂದ್ರೆ 4 ಘನ ಅಡಿ, ಸುಮಾರು 113 ಲೀಟರ್. 66 ಇಂಚಿಗೆ 7,450 ಚಿಲ್ಲರೆ ಲೀಟರ್. ಎರಡು ಟ್ಯಾಂಕರ್ ಒಟ್ಟಿಗೆ ಹಿಡಿಯೋ ಮಾತೇ ಇಲ್ಲ. ಒಂದಕ್ಕೆ 44 ಇಂಚು ಜಾಗ ಬೇಕು, ಉಳಿಯೋದು 22. ಕೋಲಿನ ಮೇಲೆ 22ಕ್ಕೆ ಕೆಂಪು ಪೇಂಟ್ ಹಚ್ಚಿ, ನೀರು ಅದಕ್ಕಿಂತ ಕೆಳಗೆ ಹೋದ ಮೇಲೆ ಫೋನ್ ಮಾಡಿ. ಟ್ಯಾಂಕರ್ ಖಾಲಿ ಆದ ಕೂಡಲೇ ಇನ್ನೊಮ್ಮೆ ಕೋಲು ಇಳಿಸಿ. 44ರ ಬದಲು 38 ಇಂಚೇ ಏರಿದ್ರೆ 4,300 ಲೀಟರ್ ಬಂದಿದೆ ಅಂತ ಲೆಕ್ಕ. ಆಗ ಕೇಳಬಹುದು.

ಕುಂದಾ, ಬೆಳಗಾವಿ:
ನಮ್ಮದು ಸಿಮೆಂಟ್ ರಿಂಗಿನ ದುಂಡನೆ ಸಂಪು, ಒಳಗೆ 5 ಅಡಿ ಅಡ್ಡಳತೆ. ಇದಕ್ಕೂ ಹೀಗೇನಾ ಅಣ್ಣಾ?

ಅಡಿಪಟ್ಟಿ:
ಹೂಂ ಅಕ್ಕಾರ. 5 ಗುಣಿಸು 5 ಗುಣಿಸು 0.785 ಮಾಡಿದರೆ 19.6 ಚದರ ಅಡಿ. ಇಂಚಿಗೆ 46 ಲೀಟರ್ ಹಿಡಿಯಿರಿ.