‘ಹೇರು ಜರುಗಿತು’ ಎನ್ನಬಹುದೇ? ಸರಕು ವಿಮಾನದ ಅಪಘಾತಕ್ಕೆ ಪದಗಳು

ಬಳ್ಳಾರಿಯಿಂದ:

ಎಲ್ಲರಿಗೂ ನಮಸ್ಕಾರ. ಸರಕು ವಿಮಾನ ಟೇಕಾಫ್ ಆಗುವಾಗ ಒಳಗಿನ ಲೋಡು ಹಿಂದಕ್ಕೆ ಹೋಗುವುದಕ್ಕೆ ಬರವಣಿಗೆಯಲ್ಲಿ ಏನೆನ್ನಬೇಕು? ಪತ್ರಿಕೆಗಳಲ್ಲಿ ‘ಸಮತೋಲನ ತಪ್ಪಿ’ ಎಂದಿರುತ್ತದೆ. ನಮ್ಮ ಕಡೆ ಲಾರಿಯವರ ಮಾತು ‘ಲೋಡು ಜರಗೇತಿ’. ಬಸ್ಸಿನಲ್ಲಿ ಕಂಡಕ್ಟರ್ ‘ಹಿಂದಕ್ಕ ಜರಗ್ರಿ’ ಅನ್ನುತ್ತಾನಲ್ಲ, ಅದೇ ಜರಗು. ಆದರೆ ಬರೆಯುವ ಕನ್ನಡದಲ್ಲಿ ‘ಜರುಗು’ ಎಂದರೆ ‘ನಡೆ’, ‘ಸಂಭವಿಸು’ ಎಂದೇ ಆಗಿಬಿಟ್ಟಿದೆ. ‘ಹೇರು ಜರುಗಿ ಅಪಘಾತ ಜರುಗಿತು’ ಎಂದು ಬರೆದರೆ ನಗುತ್ತಾರೆ. ಹಾಗಂತ ಪದವನ್ನೇ ಬಿಡಬೇಕೇ? ಇನ್ನೊಂದು: ‘ಸ್ಟಾಲ್’ಗೆ ‘ಇಂಜಿನ್ ಸ್ಥಗಿತ’ ಎಂದು ಬರೆಯುತ್ತಿದ್ದಾರೆ, ಅದು ಸರಿಯೇ?

ರಾಯಚೂರಿನಿಂದ:

ಸರ್, ಬಿಡಬೇಡಿ. ತೆಗೆಯಬೇಕಾದದ್ದು ‘ಸಮತೋಲನ ತಪ್ಪಿ’ ಎಂಬುದನ್ನು. ಬೇರೆ ಬೇರೆ ಕಾರಣಗಳ ಮೇಲೆಲ್ಲ ಅದೊಂದೇ ಕಂಬಳಿ ಹೊದಿಸುತ್ತಾರೆ.

ಜರುಗಿದ್ದಕ್ಕೆ ತಕ್ಕ ಉದಾಹರಣೆ 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮ್‌ನಲ್ಲಿ ಬಿದ್ದ ಬೋಯಿಂಗ್ 747. ಒಳಗೆ ಐದು ಸೇನಾ ವಾಹನಗಳಿದ್ದವು: ಸುಮಾರು 12 ಟನ್ನಿನವು ಎರಡು, 18 ಟನ್ನಿನವು ಮೂರು. ದೊಡ್ಡದಕ್ಕೆ 26, ಚಿಕ್ಕದಕ್ಕೆ 24 ಪಟ್ಟಿಗಳನ್ನು ಬಿಗಿದಿದ್ದರು. ಕೇಳಲು ಬಹಳ ಅನ್ನಿಸುತ್ತದೆ. ಆದರೆ ಪಟ್ಟಿಯ ಬಲ ಎಷ್ಟು ಎನ್ನುವುದು ಅದನ್ನು ಯಾವ ಕೋನದಲ್ಲಿ ಎಳೆದಿದ್ದಾರೆ ಎನ್ನುವುದರ ಮೇಲೆ ನಿಂತಿದೆ. 5000 ಪೌಂಡ್ ತಡೆಯುವ ಪಟ್ಟಿ, ಅಂದರೆ 2268 ಕಿಲೋ. ಲೋಡು ಜರುಗುವ ದಿಕ್ಕಿಗೆ 60 ಡಿಗ್ರಿ ಓರೆಯಾಗಿ ಕಟ್ಟಿದರೆ ಆ ದಿಕ್ಕಿನಲ್ಲಿ ಅದು ಹಿಡಿಯುವುದು ಅರ್ಧ, 1134 ಕಿಲೋ ಮಾತ್ರ. ಹತ್ತಿ ಅಂಡಿಗೆ ತುಂಬಿದ ಲಾರಿಗೆ ಮೇಲಿಂದ ಹಗ್ಗ ಬಿಗಿಯುವವರಿಗೆ ಇದು ಹೊಸದಲ್ಲ. ನೆಟ್ಟಗೆ ಕೆಳಗೆ ಎಳೆದ ಹಗ್ಗ ಲೋಡನ್ನು ಅದುಮಿ ಇಡುತ್ತದೆ, ಹಿಂದೆ ಮುಂದೆ ಹೋಗದಂತೆ ಹಿಡಿಯುವುದು ಕಡಿಮೆ.

ಟೇಕಾಫ್‌ನಲ್ಲೇ ಯಾಕೆ ಜರುಗುತ್ತದೆ? ವಿಮಾನ ಮುಂದಕ್ಕೆ ಜೋರಾಗಿ ಓಡುವಾಗ ಲೋಡು ಹಿಂದಕ್ಕೆ ಜಗ್ಗುತ್ತದೆ. ಮೂತಿ ಎತ್ತಿದ ಕೂಡಲೇ ನೆಲವೇ ಇಳಿಜಾರಾಗಿ ಅದಕ್ಕೆ ಇನ್ನಷ್ಟು ಬಲ ಬರುತ್ತದೆ. ತೋರಣಗಲ್ಲಿನಿಂದ ಹೊರಡುವ ಉಕ್ಕಿನ ಕಾಯಿಲ್ ಲಾರಿಯಲ್ಲಿ ಭಯ ಇದಕ್ಕೆ ತಿರುಗುಮುರುಗು: ಬ್ರೇಕು ಹಾಕಿದಾಗ ಕಾಯಿಲ್ ಕ್ಯಾಬಿನ್ ಕಡೆ ಬರುತ್ತದೆ.

ಬಗ್ರಾಮ್‌ನಲ್ಲಿ ಹಿಂದಿನ ವಾಹನ ಜರುಗಿ, ಬಾಲದ ಕಡೆಯ ಗೋಡೆ ಒಡೆದುಕೊಂಡು ಹೋಗಿ ಎರಡು ಹೈಡ್ರಾಲಿಕ್ ವ್ಯವಸ್ಥೆಗಳಿಗೆ (ಎಣ್ಣೆಯ ಒತ್ತಡದಿಂದ ವಿಮಾನದ ಭಾಗಗಳನ್ನು ಆಡಿಸುವಂಥವು) ಹಾನಿ ಮಾಡಿತು. ಬಾಲದ ಅಡ್ಡರೆಕ್ಕೆಯನ್ನು ಮೇಲೆ ಕೆಳಗೆ ಮಾಡುವ ಜಾಕ್‌ಸ್ಕ್ರೂ ಕೂಡ ಕೆಟ್ಟಿತು. ಆ ಮೇಲೆ ಮೂತಿ ಇಳಿಸಲು ಪೈಲಟ್ ಕೈಯಲ್ಲಿ ಏನೂ ಉಳಿಯಲಿಲ್ಲ. ಏಳೂ ಜನ ಸತ್ತರು. ಇಲ್ಲಿ ‘ಸಮತೋಲನ ತಪ್ಪಿ’ ಎಂದರೆ ಅರ್ಧ ಸತ್ಯ. ಭಾರ ಹಿಂದೆ ಹೋದದ್ದಕ್ಕಿಂತ ಅದು ಹೋಗಿ ಏನನ್ನು ಮುರಿಯಿತು ಎನ್ನುವುದು ದೊಡ್ಡ ಮಾತು.

ಲೋಡು ಹಾದಿಯಲ್ಲಿ ಜರುಗದೆ, ಮೊದಲೇ ತಪ್ಪಾಗಿ ಇಟ್ಟಿದ್ದರೆ ಅದಕ್ಕೆ ‘ಹಿಂಭಾರ’ ಸಾಕು. ಬಂಡಿ ಹಿಂಭಾರ ಆದರೆ ಮೂಕಿ ಮೇಲೇಳುತ್ತದಲ್ಲ, ಅದೇ. 1997ರ ಆಗಸ್ಟ್ 7ರಂದು ಮಯಾಮಿಯಲ್ಲಿ ಜೀನ್ಸ್ ಬಟ್ಟೆ ಹೇರಿಕೊಂಡ ಡಿಸಿ-8 ಹಾಗೇ ಬಿದ್ದದ್ದು. ಕಾಗದದಲ್ಲಿದ್ದ ಲೆಕ್ಕಕ್ಕಿಂತ ಭಾರ ಹಿಂದಿತ್ತು, ಬಾಲದ ಟ್ರಿಮ್ (ಭಾರಕ್ಕೆ ತಕ್ಕಂತೆ ಬಾಲದ ಅಡ್ಡರೆಕ್ಕೆಗೆ ಮೊದಲೇ ಕೊಡುವ ಓರೆ) ಮಾತ್ರ ಕಾಗದದ ಲೆಕ್ಕಕ್ಕೇ ಇತ್ತು. ಮೂತಿ ಎತ್ತಿದ್ದೇ ತಡ, ತಡೆಯಲಾಗದಷ್ಟು ಎದ್ದಿತು.

ಇನ್ನೊಂದು ‘ಅತಿಭಾರ’ ಎಂಬ ಮಾತು. 2004ರ ಅಕ್ಟೋಬರ್ 14ರಂದು ಹ್ಯಾಲಿಫ್ಯಾಕ್ಸ್‌ನಲ್ಲಿ ಬಿದ್ದ 747ರ ತೂಕ ಸುಮಾರು 353 ಟನ್. ವೇಗ ಮತ್ತು ಇಂಜಿನ್ ಬಲದ ಲೆಕ್ಕಕ್ಕೆ ಹಿಡಿದದ್ದು ಹಿಂದಿನ ಹಾರಾಟದ 240 ಟನ್. ರನ್‌ವೇ ಮುಗಿದರೂ ಏಳಲಿಲ್ಲ, ಆಚೆಯ ಮಣ್ಣಿನ ದಿಬ್ಬಕ್ಕೆ ಬಾಲ ಬಡಿಯಿತು. ಇದು ಅತಿಭಾರವಲ್ಲ, ‘ತೂಕ ತಪ್ಪಿದ್ದು’. ನಿನ್ನೆಯ ತೂಕದ ಚೀಟಿ ಹಿಡಿದು ಇವತ್ತಿನ ಅದಿರು ಲೋಡಿಗೆ ಲೆಕ್ಕ ಹಾಕಿದ ಹಾಗೆ.

ಕೊಪ್ಪಳದಿಂದ:

ಜರುಗು ಸರಿ, ಆದರೆ ಎಚ್ಚರ ಬೇಕು. ಬಾಲ ಕೇಳದಿದ್ದರೆಲ್ಲ ಲೋಡೇ ಜರುಗಿದೆ ಎಂದುಕೊಳ್ಳುವ ಹಾಗಿಲ್ಲ. 2000ದ ಫೆಬ್ರವರಿ 16ರಂದು ಸ್ಯಾಕ್ರಮೆಂಟೊ ಬಳಿ ಬಿದ್ದ ಡಿಸಿ-8ರಲ್ಲಿ ಪೈಲಟ್‌ಗಳೇ ಭಾರದ ತೊಂದರೆ ಎಂದುಕೊಂಡರು, ಕಂಟ್ರೋಲ್‌ನವರಿಗೂ ಹಾಗೇ ಹೇಳಿದರು. ತನಿಖೆಯಲ್ಲಿ ಕಂಡದ್ದು ಬೇರೆ: ಬಲಬದಿಯ ಎಲಿವೇಟರ್ ಟ್ಯಾಬಿನ (ಮೂತಿ ಏರಿಸಿ ಇಳಿಸುವ ಬಾಲದ ಫಲಕವನ್ನು ಆಡಿಸುವ ಚಿಕ್ಕ ಫಲಕದ) ಸರಳು ಕಳಚಿತ್ತು, ಅದನ್ನು ಹಿಡಿಯುವ ಬೋಲ್ಟನ್ನು ಸರಿಯಾಗಿ ಭದ್ರ ಮಾಡಿರಲಿಲ್ಲ. ವರದಿ ಬರುವ ತನಕ ‘ಹೇರು ಜರುಗಿತು’ ಎಂದು ತೀರ್ಪು ಕೊಡದೆ ‘ಜರುಗಿರಬಹುದು’ ಎನ್ನುವುದು ವಾಸಿ.

‘ಇಂಜಿನ್ ಸ್ಥಗಿತ’ ಪೂರಾ ತಪ್ಪು. ಸ್ಟಾಲ್ ಆಗುವುದು ರೆಕ್ಕೆ. ಎದುರು ಗಾಳಿಗೆ ರೆಕ್ಕೆಯ ಓರೆ ಒಂದು ಮಿತಿ ದಾಟಿದರೆ (ಸಾಮಾನ್ಯ ರೆಕ್ಕೆಗೆ ಸುಮಾರು 15 ಡಿಗ್ರಿ) ಮೇಲ್ಮೈಯ ಗಾಳಿ ಅಂಟಿಕೊಂಡು ಹರಿಯುವುದು ನಿಲ್ಲುತ್ತದೆ, ಎತ್ತುವ ಬಲ ಕುಸಿಯುತ್ತದೆ. ನಾಲ್ಕೂ ಇಂಜಿನ್ ಪೂರ್ತಿ ಓಡುತ್ತಿದ್ದರೂ ವಿಮಾನ ಬೀಳುತ್ತದೆ. ಗಾಳಿಪಟ ಗೋತಾ ಹೊಡೆಯುವುದು ಎನ್ನೋಣವೆಂದರೆ, ಪರೀಕ್ಷೆಯಲ್ಲಿ ಗೋತಾ ಹೊಡೆದವರು ಆ ಪದವನ್ನು ಎಂದೋ ಕಸಿದುಕೊಂಡಿದ್ದಾರೆ! ‘ಸ್ಟಾಲ್’ ಎಂದೇ ಬರೆದು, ಮೊದಲ ಸಲ ಪಕ್ಕದಲ್ಲಿ ‘ರೆಕ್ಕೆ ಗಾಳಿ ಬಿಟ್ಟಿತು’ ಎಂದು ಬಿಡಿಸಿ ಹೇಳಿ.

ಬಳ್ಳಾರಿಯಿಂದ:

ಇಬ್ಬರಿಗೂ ಧನ್ಯವಾದ. ಒಂದೇ ವಾಕ್ಯದಲ್ಲಿ ‘ಜರುಗು’ ಎರಡು ಸಲ ಬರದಂತೆ ಹೀಗೆ ಕೂಡಿಸಿದ್ದೇನೆ: ‘ಟೇಕಾಫ್ ವೇಳೆ ಕಟ್ಟು ಸಡಿಲಿ ಹೇರು ಹಿಂದಕ್ಕೆ ಜರುಗಿತು, ಬಾಲದ ಜಾಕ್‌ಸ್ಕ್ರೂ ಕೆಟ್ಟು ಮೂತಿ ಇಳಿಸಲಾಗದೆ, ರೆಕ್ಕೆ ಸ್ಟಾಲ್ ಆಗಿ ವಿಮಾನ ಬಿದ್ದಿತು.’ ‘ಹಿಂದಕ್ಕೆ’ ಎಂಬುದು ಪಕ್ಕದಲ್ಲಿದ್ದರೆ ಮೈಸೂರು ಕಡೆಯವರೂ ‘ಸಂಭವಿಸಿತು’ ಎಂದು ಓದಲಾರರು. ಜಾಕ್‌ಸ್ಕ್ರೂಗೆ ‘ತಿರುಪು ದಂಡ’ ನಡೆಯುತ್ತದೆಯೇ, ಇಲ್ಲಾ ಲಾರಿ ಜಾಕು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇದ್ದಂತೆ ಬಿಡೋಣವೇ?