ಫ್ರೆಂಚ್ ಫ್ರೈಸ್‌ಗೆ ಮನೆಯಲ್ಲೇ ಮಾಡುವ ಸುಲಭದ ಸಾಸ್ ಯಾವುದು?

ಗರಿಗರಿಪ್ರಿಯ:

ಫ್ರೈಸ್ ಈಗ ಮನೆಯಲ್ಲಿ ಚೆನ್ನಾಗಿಯೇ ಬರುತ್ತಿದೆ. ಆಲೂಗಡ್ಡೆ ಹೆಚ್ಚಿ, ನೀರಲ್ಲಿ ನೆನೆಸಿ, ಒರೆಸಿ, ಎರಡು ಸಲ ಕರಿಯುತ್ತೇನೆ. ಆ ವಿಷಯದಲ್ಲಿ ದೂರಿಲ್ಲ. ನನಗೆ ಬೇಕಿರುವುದು ಅದ್ದಿಕೊಂಡು ತಿನ್ನಲು ಒಂದು ಒಳ್ಳೆಯ ಸಾಸ್.

ಬರೀ ಕೆಚಪ್ ಆದರೆ ನಾಲ್ಕು ತುಂಡು ತಿನ್ನುವಷ್ಟರಲ್ಲಿ ಸಿಹಿ ಸಿಹಿ ಅನ್ನಿಸಿ ಸಾಕಾಗುತ್ತದೆ. ಮೇಯೊನೀಸ್ ಜೊತೆ ಕೆಚಪ್ ಕಲಸಿದರೆ ಬಣ್ಣ ಚೆನ್ನಾಗಿ ಬರುತ್ತದೆ, ರುಚಿ ಮಾತ್ರ ಸಪ್ಪೆ. ಸಪ್ಪೆ ಅಂತ ಉಪ್ಪು ಹಾಕಿದರೆ ಫ್ರೈಸ್ ಮೇಲಿನ ಉಪ್ಪೂ ಸೇರಿ ಬಾಯಿಗಿಡಲು ಆಗುವುದಿಲ್ಲ. ಮೊಸರಿನ ಸಾಸ್ ನನಗೆ ಇಷ್ಟ, ಆದರೆ ತಟ್ಟೆಯಲ್ಲಿ ಇಟ್ಟ ಸ್ವಲ್ಪ ಹೊತ್ತಿಗೇ ಅಂಚಿನಲ್ಲೆಲ್ಲ ನೀರು ಬಿಟ್ಟುಕೊಳ್ಳುತ್ತದೆ, ಫ್ರೈಸ್ ಅದ್ದಿದರೆ ಅಂಟುವುದೇ ಇಲ್ಲ.

ಬೆಳ್ಳುಳ್ಳಿ ಇರಬೇಕು, ಸ್ವಲ್ಪ ಖಾರ ಇರಬೇಕು. ಮನೆಯಲ್ಲಿ ಒಬ್ಬರು ಮೊಟ್ಟೆ ತಿನ್ನುವುದಿಲ್ಲ, ಹಾಗಾಗಿ ಮೊಟ್ಟೆ ಇಲ್ಲದ್ದೂ ಒಂದು ಬೇಕು. ಮಾಡಿಟ್ಟರೆ ಎಷ್ಟು ದಿನ ಇರುತ್ತದೆ ಅನ್ನುವುದನ್ನೂ ತಿಳಿದವರು ಹೇಳಿ.

ನಿಂಬೆಹುಳಿ:

ನಿಮ್ಮ ಸಾಸ್‌ಗೆ ಉಪ್ಪು ಕಮ್ಮಿ ಆಗಿಲ್ಲ, ಹುಳಿ ಕಮ್ಮಿ ಆಗಿದೆ. ಫ್ರೈಸ್ ಅಂದರೆ ಪಿಷ್ಟ, ಎಣ್ಣೆ, ಉಪ್ಪು ಅಷ್ಟೇ. ಮೇಯೊನೀಸ್‌ನಲ್ಲೂ ಮುಕ್ಕಾಲು ಪಾಲು ಎಣ್ಣೆಯೇ. ಎಣ್ಣೆಯ ಪದಾರ್ಥವನ್ನು ಎಣ್ಣೆಯಲ್ಲೇ ಅದ್ದಿ ತಿಂದರೆ ನಾಲಿಗೆಗೆ ಎಲ್ಲವೂ ಮಂಕಾಗಿ ಕಾಣುತ್ತದೆ. ಆ ಮಂಕು ಹೋಗಲಾಡಿಸುವುದು ಹುಳಿ. ನಿಂಬೆರಸ, ವಿನೆಗರ್, ಸಾಸಿವೆ ಪೇಸ್ಟ್, ವಿನೆಗರ್‌ನಲ್ಲಿ ನೆನೆಸಿಟ್ಟ ಸೌತೆಕಾಯಿ, ಯಾವುದಾದರೂ ಸರಿ.

ನಾನು ಮಾಡುವ ಅಳತೆ ಹೀಗೆ. ಮೇಯೊನೀಸ್ 4 ದೊಡ್ಡ ಚಮಚ, ಕೆಚಪ್ ಒಂದೂವರೆ ಚಮಚ. ಎರಡೂ ಸಮಸಮ ಹಾಕಬೇಡಿ, ಸಿಹಿ ಜಾಸ್ತಿಯಾಗುತ್ತದೆ. ಸಾಸಿವೆ ಪೇಸ್ಟ್ ಅರ್ಧ ಟೀ ಚಮಚ, ನಿಂಬೆರಸ 1 ಟೀ ಚಮಚ, ಖಾರದ ಪುಡಿ ಕಾಲು ಟೀ ಚಮಚ, ಕಾಳುಮೆಣಸು ಒಂದು ಚಿಟಿಕೆ. ಬೆಳ್ಳುಳ್ಳಿ ಒಂದೇ ಎಸಳು ಸಾಕು, ಹಸಿಯಾಗಿ ಹಾಕುವಾಗ ಎರಡು ಹಾಕಿದರೆ ಬೇರೆ ರುಚಿಯೇ ತಿಳಿಯುವುದಿಲ್ಲ.

ಬೆಳ್ಳುಳ್ಳಿ ಹಾಕುವ ಕ್ರಮ ಮುಖ್ಯ. ಮೊದಲು ಬಟ್ಟಲಿಗೆ ನಿಂಬೆರಸ ಹಿಂಡಿ, ಆ ರಸದೊಳಗೇ ಬೆಳ್ಳುಳ್ಳಿ ತುರಿಯಿರಿ. ಬೆಳ್ಳುಳ್ಳಿಯ ಘಾಟು ಅದನ್ನು ಜಜ್ಜಿದ ಮೇಲೆ ಹುಟ್ಟುವುದು. ಒಳಗಿರುವ ಒಂದು ಕಿಣ್ವ ಕೆಲಸ ಶುರು ಮಾಡಿದಾಗ ಅಲಿಸಿನ್ ಅನ್ನುವ ಖಾರದ ವಸ್ತು ಆಗುತ್ತದೆ, ಹುಳಿ ಆ ಕಿಣ್ವವನ್ನು ತಡೆಯುತ್ತದೆ. ಹತ್ತು ನಿಮಿಷ ಬಿಟ್ಟು ಉಳಿದದ್ದನ್ನೆಲ್ಲ ಸೇರಿಸಿ ಕಲಸಿದರೆ ಬೆಳ್ಳುಳ್ಳಿಯ ರುಚಿ ಇರುತ್ತದೆ, ಗಂಟಲು ಕೆರೆಯುವ ಘಾಟು ಇರುವುದಿಲ್ಲ.

ಕಲಸಿದ ಕೂಡಲೇ ರುಚಿ ನೋಡಿ ತೀರ್ಮಾನ ಮಾಡಬೇಡಿ. ಒಣ ಪುಡಿಗಳು ನೆನೆಯಬೇಕು. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ನೋಡಿ. ಮತ್ತೆ, ಚಮಚದಲ್ಲಿ ನೆಕ್ಕಿ ನೋಡುವುದಕ್ಕಿಂತ ಉಪ್ಪು ಹಾಕಿದ ಒಂದು ಫ್ರೈಸ್ ಅದ್ದಿಯೇ ನೋಡಿ. ಬರೀ ಸಾಸ್ ಸ್ವಲ್ಪ ಹುಳಿ ಜಾಸ್ತಿ ಅನ್ನಿಸಿದರೆ ಫ್ರೈಸ್ ಜೊತೆ ಸರಿಯಾಗಿರುತ್ತದೆ ಅಂತಲೇ ಅರ್ಥ.

ಗರಿಗರಿಪ್ರಿಯ:

ಹುಳಿ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ, ಇವತ್ತೇ ಮಾಡಿ ನೋಡುತ್ತೇನೆ. ಸಾಸಿವೆ ಪೇಸ್ಟ್ ಇಲ್ಲದಿದ್ದರೆ ಪುಡಿ ಆಗುತ್ತದಾ? ಮೊಟ್ಟೆ ಇಲ್ಲದ ಮೇಯೊನೀಸ್ ಮನೆಯಲ್ಲೇ ಆಗುತ್ತದೆ ಅಂತ ಕೇಳಿದ್ದೇನೆ, ಯಾರಾದರೂ ಮಾಡಿದ್ದೀರಾ?

ಹಾಲುಕೆನೆ:

ಆಗುತ್ತದೆ, ಅದೂ ಐದು ನಿಮಿಷದಲ್ಲಿ. ಹಾಲಿನಿಂದ ಮಾಡಿ. ಕೆನೆ ತೆಗೆಯದ ಹಾಲು 100 ಮಿಲಿ, ಎಣ್ಣೆ 200 ಮಿಲಿ. ಅಳತೆ ಇಷ್ಟೇ, ಒಂದಕ್ಕೆ ಎರಡು. ಸೂರ್ಯಕಾಂತಿ ಎಣ್ಣೆಯಂಥ ವಾಸನೆ ಇಲ್ಲದ ಎಣ್ಣೆ ತೆಗೆದುಕೊಳ್ಳಿ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯನ್ನು ಬ್ಲೆಂಡರ್‌ನಲ್ಲಿ ಜೋರಾಗಿ ತಿರುಗಿಸಿದರೆ ಕಹಿ ಬರುತ್ತದೆ, ಅದನ್ನು ಇದಕ್ಕೆ ಬಳಸಲೇಬೇಡಿ.

ಉದ್ದನೆಯ, ಕಿರಿದಾದ ಜಾರ್ ಬೇಕು. ಹ್ಯಾಂಡ್ ಬ್ಲೆಂಡರ್ ತಳಕ್ಕೆ ಇಳಿಯುವಷ್ಟು ಅಗಲ ಇದ್ದರೆ ಸಾಕು. ಹಾಲು, ಅರ್ಧ ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಸಾಸಿವೆ (ಪುಡಿಯೂ ನಡೆಯುತ್ತದೆ, ಒಂದು ಚಮಚ ತಣ್ಣೀರಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ಆಗ ಖಾರ ಬಿಡುತ್ತದೆ), ಮೇಲೆ ಎಣ್ಣೆ ಸುರಿಯಿರಿ. ಬ್ಲೆಂಡರ್ ತಳ ಮುಟ್ಟಿಸಿ ಚಾಲೂ ಮಾಡಿ, ಮೊದಲ ಹತ್ತು ಹದಿನೈದು ಸೆಕೆಂಡ್ ಅಲ್ಲಾಡಿಸಲೇಬೇಡಿ. ತಳದಲ್ಲಿ ಬೆಳ್ಳಗೆ ಗಟ್ಟಿಯಾಗುತ್ತಾ ಬರುವುದು ಕಾಣುತ್ತದೆ, ಆಮೇಲೆ ನಿಧಾನಕ್ಕೆ ಮೇಲೆತ್ತುತ್ತಾ ಬನ್ನಿ, ಮೇಲಿನ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಒಳಗೆ ಎಳೆದುಕೊಳ್ಳುತ್ತದೆ. ಕೊನೆಗೆ 2 ಟೀ ಚಮಚ ನಿಂಬೆರಸ ಹಾಕಿ ಇನ್ನೊಮ್ಮೆ ತಿರುಗಿಸಿ. ಹುಳಿ ಬಿದ್ದ ಕೂಡಲೇ ಇನ್ನೂ ಗಟ್ಟಿಯಾಗುತ್ತದೆ.

ಇದು ಯಾಕೆ ಆಗುತ್ತದೆ ಅಂದರೆ, ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನ ಅಂಶದೊಳಗೆ ಹರಡಿಕೊಳ್ಳುತ್ತದೆ, ಆ ಹನಿಗಳು ಮತ್ತೆ ಒಂದಕ್ಕೊಂದು ಕೂಡಿಕೊಳ್ಳದಂತೆ ಸುತ್ತ ಒಂದು ಪದರ ಬೇಕು. ಮೊಟ್ಟೆಯ ಮೇಯೊನೀಸ್‌ನಲ್ಲಿ ಆ ಕೆಲಸ ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನ್‌ಗಳದ್ದು, ಇಲ್ಲಿ ಹಾಲಿನ ಪ್ರೋಟೀನ್‌ಗಳದ್ದು. ಸಾಸಿವೆಯೂ ಸ್ವಲ್ಪ ಕೈಜೋಡಿಸುತ್ತದೆ. ಅದಕ್ಕೇ ಸಾಸಿವೆಯನ್ನು ರುಚಿಗೆ ಮಾತ್ರ ಅಂತ ಬಿಟ್ಟುಬಿಡಬೇಡಿ.

ಒಡೆದು ತೆಳ್ಳಗೆ ಆದರೆ ಚೆಲ್ಲಬೇಡಿ. ತೊಳೆದ ಜಾರ್‌ಗೆ ಎರಡು ಚಮಚ ತಣ್ಣನೆಯ ಹಾಲು ಹಾಕಿ, ಬ್ಲೆಂಡರ್ ತಿರುಗುತ್ತಿರುವಾಗ ಒಡೆದದ್ದನ್ನೇ ದಾರದಂತೆ ಸಣ್ಣಗೆ ಸುರಿಯುತ್ತಾ ಹೋಗಿ. ಬಹುತೇಕ ಸಲ ಮತ್ತೆ ಕೂಡಿಕೊಳ್ಳುತ್ತದೆ.

ಹಾಲೂ ಬೇಡ ಅನ್ನುವವರು ಬೇಯಿಸಿದ ಕಡಲೆಕಾಳಿನ ಗಟ್ಟಿ ನೀರಿನಿಂದಲೂ ಮಾಡಬಹುದು, 3 ದೊಡ್ಡ ಚಮಚ ನೀರಿಗೆ ಮುಕ್ಕಾಲು ಕಪ್ ಎಣ್ಣೆ. ಹಾಲಿನದಕ್ಕಿಂತ ಸ್ವಲ್ಪ ಹಗುರ ಬರುತ್ತದೆ.

ಗಟ್ಟಿಮೊಸರು:

ಎಲ್ಲರೂ ಮೇಯೊನೀಸ್ ಹಿಂದೆ ಬಿದ್ದಿದ್ದೀರಿ, ನಾನು ಮೊಸರಿನ ಪರ ನಿಲ್ಲುತ್ತೇನೆ. ಕರಿದದ್ದರ ಜೊತೆಗೆ 200 ಮಿಲಿ ಎಣ್ಣೆಯ ಸಾಸ್ ನನಗೆ ಭಾರ ಅನ್ನಿಸುತ್ತದೆ. ಮೊಸರಿಗೆ ತನ್ನದೇ ಹುಳಿ ಇದೆ, ತಣ್ಣಗಿರುತ್ತದೆ, ಬಿಸಿ ಫ್ರೈಸ್‌ಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ನೀರು ಬಿಡುವುದಕ್ಕೆ ಕಾರಣ ಸರಳ. ಮೊಸರು ಅಂದರೆ ಹಾಲಿನ ಪ್ರೋಟೀನ್ ಹೆಣೆದುಕೊಂಡ ಒಂದು ಬಲೆ, ಅದರೊಳಗೆ ನೀರು ಸಿಕ್ಕಿಕೊಂಡಿರುತ್ತದೆ. ನೀವು ಕಲಸಿದಾಗ ಬಲೆ ಹರಿಯುತ್ತದೆ, ಉಪ್ಪು ಬಿದ್ದರೆ ನೀರು ಇನ್ನೂ ಬೇಗ ಹೊರಬರುತ್ತದೆ. ಹಸಿ ಈರುಳ್ಳಿ, ಸೌತೆಕಾಯಿ ಹಾಕಿದ್ದರೆ ಅವೂ ನೀರು ಬಿಡುತ್ತವೆ. ಆದ್ದರಿಂದ ನೀರನ್ನು ಮೊದಲೇ ತೆಗೆದುಬಿಡಿ. ತೆಳು ಬಟ್ಟೆಯಲ್ಲಿ 500 ಗ್ರಾಂ ಮೊಸರು ಕಟ್ಟಿ, ಜರಡಿಯ ಮೇಲೆ ಇಟ್ಟು, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್‌ನಲ್ಲಿ ಮೂರು ನಾಲ್ಕು ಗಂಟೆ ಬಿಡಿ. ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ, ಚಮಚದಿಂದ ಬೀಳದಷ್ಟು ಗಟ್ಟಿ. ಹೊರಗೆ ಇಡಬೇಡಿ, ನೀರು ಇಳಿಯುವ ಹೊತ್ತಿಗೆ ಹುಳಿಯೂ ಏರಿರುತ್ತದೆ.

ಆಮೇಲೆ ಒಂದು ಚಮಚ ಎಣ್ಣೆ, ನಿಂಬೆರಸದಲ್ಲಿ ತುರಿದ ಬೆಳ್ಳುಳ್ಳಿ (ಮೇಲೆ ಹೇಳಿದ ಕ್ರಮ ಸರಿಯಾಗಿದೆ, ನಾನೂ ಹಾಗೇ ಮಾಡುತ್ತೇನೆ), ಕಾಳುಮೆಣಸು, ಸಣ್ಣಗೆ ಹೆಚ್ಚಿದ ಸೊಪ್ಪು. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ. ಹುರುಪಿನಿಂದ ಬೀಟ್ ಮಾಡಬೇಡಿ, ಚಮಚದಲ್ಲಿ ಮಡಚುವ ಹಾಗೆ ಕಲಸಿ ಬಿಟ್ಟುಬಿಡಿ. ಅಷ್ಟು ಹೊತ್ತು ಕಾಯಲು ಆಗದಿದ್ದರೆ ಅರ್ಧ ಮೇಯೊನೀಸ್, ಅರ್ಧ ಗಟ್ಟಿ ಮೊಸರು ಹಾಕಿ, ಅದೂ ಚೆನ್ನಾಗಿರುತ್ತದೆ.

ಅಡುಗೆಮನೆ ಕಾವಲು:

ಎಷ್ಟು ದಿನ ಇಡಬಹುದು ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಅದು ರುಚಿಗಿಂತ ಮುಖ್ಯ, ಅದಕ್ಕೇ ಬರೆಯುತ್ತಿದ್ದೇನೆ.

ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವ ಅಭ್ಯಾಸ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಎಣ್ಣೆಯೊಳಗೆ ಗಾಳಿ ಇರುವುದಿಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಕಮ್ಮಿ, ಮಣ್ಣಿನಿಂದ ಬಂದ ಬೊಟುಲಿನಮ್ ಬ್ಯಾಕ್ಟೀರಿಯಾಕ್ಕೆ ಅದು ಹೇಳಿ ಮಾಡಿಸಿದ ಜಾಗ. ಅದರ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ, ಮೂಸಿ ನೋಡಿ ಕಂಡುಹಿಡಿಯಲು ಆಗುವುದಿಲ್ಲ. ಬೆಳ್ಳುಳ್ಳಿ ಹಾಕಿದ ಯಾವ ಸಾಸ್ ಆದರೂ ಫ್ರಿಜ್‌ನಲ್ಲೇ ಇರಲಿ, ಎರಡು ಮೂರು ದಿನದಲ್ಲಿ ಮುಗಿಸಿ. ಜಾಸ್ತಿ ದಿನ ಬೇಕಿದ್ದರೆ ಬೆಳ್ಳುಳ್ಳಿ ಹಾಕದೆ ಸಾಸ್ ಮಾಡಿಟ್ಟು, ತಿನ್ನುವ ದಿನ ಬೇಕಾದಷ್ಟಕ್ಕೆ ಮಾತ್ರ ಬೆಳ್ಳುಳ್ಳಿ ಸೇರಿಸಿ.

ಹಸಿ ಮೊಟ್ಟೆಯಿಂದ ಮಾಡುವವರು ಪಾಶ್ಚರೀಕರಿಸಿದ (ರೋಗಾಣು ಸಾಯುವಷ್ಟು ಹದವಾಗಿ ಬಿಸಿ ಮಾಡಿದ) ಮೊಟ್ಟೆ ಬಳಸಿ. ಹಸಿ ಮೊಟ್ಟೆಯಲ್ಲಿ ಇರಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಸುಮ್ನೆ ಹೇಳುವ ಮಾತಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಹಸಿ ಮೊಟ್ಟೆಯ ಸಾಸ್ ಬೇಡವೇ ಬೇಡ, ಹಾಲಿನದೇ ಮಾಡಿ. ಹಾಲಿನ ಮೇಯೊನೀಸ್‌ಗೂ ಕಾಯಿಸಿ ಆರಿಸಿದ ಹಾಲು ಅಥವಾ ಪಾಶ್ಚರೀಕರಿಸಿದ ಹಾಲೇ ಇರಲಿ, ಬೆಳ್ಳುಳ್ಳಿ ಇಲ್ಲದಿದ್ದರೂ ಮೂರು ದಿನಕ್ಕಿಂತ ಜಾಸ್ತಿ ಇಡಬೇಡಿ. ಫ್ರಿಜ್ 4 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಇದ್ದದ್ದನ್ನು, ಎಲ್ಲರೂ ಅದ್ದಿ ತಿಂದು ಉಳಿದದ್ದನ್ನು ಮತ್ತೆ ಡಬ್ಬಿಗೆ ಸುರಿಯಬೇಡಿ. ಬೇಕಾದಷ್ಟೇ ಚಿಕ್ಕ ಬಟ್ಟಲಿಗೆ ಹಾಕಿಕೊಂಡರೆ ಈ ತೊಂದರೆಯೇ ಇಲ್ಲ.

ಬೆಣ್ಣೆಮುದ್ದೆ:

ಬಿಸಿ ಸಾಸ್ ಬೇಕಿದ್ದರೆ ಚೀಸ್‌ನದು ಮಾಡಿ. 1 ದೊಡ್ಡ ಚಮಚ ಬೆಣ್ಣೆ ಕರಗಿಸಿ, 1 ದೊಡ್ಡ ಚಮಚ ಮೈದಾ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿದು, 1 ಕಪ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಗಂಟಿಲ್ಲದಂತೆ ಕಲಸಿ. ಗಟ್ಟಿಯಾದ ಮೇಲೆ ಒಲೆ ಆರಿಸಿ, ಆಮೇಲೆಯೇ 100 ಗ್ರಾಂ ತುರಿದ ಚೀಸ್ ಹಾಕಿ. ಕುದಿಯುವಾಗ ಚೀಸ್ ಹಾಕಿದರೆ ಪ್ರೋಟೀನ್ ಮುದ್ದೆಗಟ್ಟಿ ಎಣ್ಣೆ ಬೇರೆಯಾಗುತ್ತದೆ. ಚೀಸ್ ನೀವೇ ತುರಿದುಕೊಳ್ಳಿ. ತುರಿದು ಪ್ಯಾಕೆಟ್‌ನಲ್ಲಿ ಮಾರುವುದಕ್ಕೆ ಅಂಟದಿರಲಿ ಅಂತ ಪಿಷ್ಟದ ಪುಡಿ ಹಾಕಿರುತ್ತಾರೆ, ಸಾಸ್ ನುಣ್ಣಗೆ ಬರುವುದಿಲ್ಲ. ಇದಕ್ಕೂ ಕೊನೆಗೆ ಅರ್ಧ ಟೀ ಚಮಚ ಸಾಸಿವೆ ಹಾಕಿ.

ಇನ್ನೊಂದು ವಿಷಯ. ಕೆಚಪ್ ಸಿಹಿ ಅಂದಿರಲ್ಲ, 100 ಗ್ರಾಂ ಕೆಚಪ್‌ನಲ್ಲಿ ಸಾಮಾನ್ಯವಾಗಿ 20 ಗ್ರಾಂಗೂ ಮೇಲೆ ಸಕ್ಕರೆ ಇರುತ್ತದೆ. ಅದರ ಬದಲು ಸಕ್ಕರೆ ಸೇರಿಸದ ಟೊಮೆಟೊ ಪೇಸ್ಟ್ 3 ಚಮಚ, ವಿನೆಗರ್ 1 ಚಮಚ, ನೀರು 3 ಚಮಚ, ಸಕ್ಕರೆ 1 ಟೀ ಚಮಚ, ಉಪ್ಪು, ಖಾರದ ಪುಡಿ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ ಆರಿಸಿ. ಮೇಯೊನೀಸ್ ಜೊತೆ ಕಲಸಲು ಇದು ಕೆಚಪ್‌ಗಿಂತ ಎಷ್ಟೋ ಮೇಲು.

ಗರಿಗರಿಪ್ರಿಯ:

ನಿಂಬೆಹುಳಿಯವರ ಅಳತೆಯಲ್ಲಿ ಮಾಡಿದೆ. ಅದೇ ಡಬ್ಬಿಯ ಮೇಯೊನೀಸ್, ಆದರೆ ರುಚಿಯೇ ಬೇರೆ! ಎಲ್ಲರಿಗೂ ಇಷ್ಟವಾಯಿತು. ನಾಳೆ ಹಾಲಿನದು ಮಾಡುತ್ತೇನೆ, ಆದರೆ ನನ್ನ ಹತ್ತಿರ ಹ್ಯಾಂಡ್ ಬ್ಲೆಂಡರ್ ಇಲ್ಲ, ಮಿಕ್ಸಿ ಮಾತ್ರ ಇದೆ. ಅದರಲ್ಲಿ ಆಗುತ್ತದಾ?

ಹಾಲುಕೆನೆ:

ಆಗುತ್ತದೆ, ಆದರೆ ಎಣ್ಣೆಯನ್ನು ಒಟ್ಟಿಗೆ ಸುರಿಯುವ ಹಾಗಿಲ್ಲ. ಚಿಕ್ಕ ಜಾರ್ ತೆಗೆದುಕೊಳ್ಳಿ, ಹಾಲು ಬ್ಲೇಡ್ ಮುಳುಗುವಷ್ಟು ಇರಬೇಕು. ಹಾಲು, ಉಪ್ಪು, ಸಾಸಿವೆ ಒಮ್ಮೆ ತಿರುಗಿಸಿ, ಆಮೇಲೆ ಎರಡೆರಡು ಚಮಚ ಎಣ್ಣೆ ಹಾಕುತ್ತಾ ಪ್ರತಿ ಸಲ ಕೆಲವೇ ಸೆಕೆಂಡ್ ತಿರುಗಿಸಿ ನಿಲ್ಲಿಸಿ. ಒಂದೇ ಸಮನೆ ಓಡಿಸಿದರೆ ಜಾರ್ ಬಿಸಿಯಾಗಿ ಮೇಯೊನೀಸ್ ಒಡೆಯುತ್ತದೆ, ಹಾಗಾಗಿ ಹಾಲನ್ನೂ ಜಾರನ್ನೂ ಮೊದಲೇ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ. ಅರ್ಧ ಎಣ್ಣೆ ಹೋದ ಮೇಲೆ ಗಟ್ಟಿಯಾಗಲು ಶುರುವಾಗುತ್ತದೆ, ಆಮೇಲೆ ಸ್ವಲ್ಪ ಧಾರಾಳವಾಗಿ ಹಾಕಬಹುದು. ನಿಂಬೆರಸ ಕೊನೆಗೇ.

ನಿಂಬೆಹುಳಿ:

ಖುಷಿಯಾಯಿತು. ಹಾಲಿನ ಮೇಯೊನೀಸ್ ಸ್ವಲ್ಪ ಮೃದು ರುಚಿಯದು, ಅದರಲ್ಲಿ ಮಾಡುವಾಗ ನನ್ನ ಅಳತೆಯ ನಿಂಬೆರಸವನ್ನು ಮೊದಲು ಅರ್ಧವೇ ಹಾಕಿ, ಫ್ರೈಸ್ ಅದ್ದಿ ನೋಡಿ ಉಳಿದದ್ದು ಸೇರಿಸಿ. ಸಾಸ್ ಯಾವುದೇ ಆಗಲಿ, ಫ್ರೈಸ್ ಮೇಲೆ ಸುರಿಯಬೇಡಿ, ಪಕ್ಕದಲ್ಲೇ ಇಡಿ. ಎರಡು ಸಲ ಕರಿದು ತಂದ ಗರಿಗರಿ ಎರಡೇ ನಿಮಿಷದಲ್ಲಿ ಮೆತ್ತಗಾಗುತ್ತದೆ.